ಗರ್ಭಕೋಶ ತೆಗೆಸುವ ಮುನ್ನ ಕಾರಣ ತಿಳಿಯಿರಿ

ಕಳೆದ ತಿಂಗಳು ನಮಗೆ ಬಂದ ಪತ್ರಗಳಲ್ಲೊಂದು ಯಲಹಂಕದ ಬಳಿಯ ಅಟ್ಟೂರಿನಿಂದ ಬಂದದ್ದು. ಬರೆದವರು ಮೂವತ್ತೆಂಟರ ಪ್ರಾಯದ ಗೃಹಿಣಿ, ಇಬ್ಬರು ಮಕ್ಕಳ ತಾಯಿ. ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದಾರೆ. ಒಂದು ವರ್ಷದಿಂದ ಅವರಿಗೆ ಮುಟ್ಟಿನ ಸ್ರಾವ ಒಂಬತ್ತು ಹತ್ತು ದಿನಗಳಾದರೂ ನಿಲ್ಲುತ್ತಿಲ್ಲ. ಮಹಡಿಯ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶ 'ಬಲ್ಕಿ' ಆಗಿದೆ, ಎರಡು ಚಿಕ್ಕ ಗೆಡ್ಡೆಗಳಿವೆ ಎಂಬ ವರದಿ ಬಂದಿತು. ಗರ್ಭಕೋಶವನ್ನೂ ಅಂಡಾಶಯಗಳನ್ನೂ ಒಟ್ಟಿಗೇ ತೆಗೆಸಿಬಿಡುವುದು ಲೇಸು, ಇಲ್ಲವಾದರೆ ಮುಂದೆ ಕ್ಯಾನ್ಸರ್ ಆದೀತು ಎಂಬ ಸಲಹೆಯೂ ದೊರೆಯಿತು. ಯಜಮಾನರು ಸಾಲ ಮಾಡಲು ಸಿದ್ಧರಿದ್ದಾರೆ. ಮಕ್ಕಳಾದ ಮೇಲೆ ಆ ಚೀಲವನ್ನು ಇಟ್ಟುಕೊಂಡು ಮಾಡುವುದೇನು ಎಂಬುದು ಅತ್ತೆಯವರ ಮಾತು. ಕಲಬುರಗಿ ಜಿಲ್ಲೆಯ ತವರಿನ ಕಡೆ ಮೂವತ್ತೈದು ತುಂಬುವ ಮೊದಲೇ ಈ ಆಪರೇಷನ್ ಮಾಡಿಸಿಕೊಂಡವರು ಹಲವರಿದ್ದಾರಂತೆ. ತಾವೇನು ಮಾಡಬೇಕು, ತಮಗೆ ಕ್ಯಾನ್ಸರ್ ಬರುವುದು ನಿಜವೇ ಎಂದು ಕೇಳಿದ್ದಾರೆ.

ಈ ಪ್ರಶ್ನೆ ಆ ಸೋದರಿಯೊಬ್ಬರದೇ ಅಲ್ಲ. ನಲವತ್ತರ ಆಸುಪಾಸಿನ ಹೆಣ್ಣುಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಯಿದು. ಆದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಧಿಕ ರಕ್ತಸ್ರಾವವು ಹೆಣ್ಣುಜನ್ಮದ ಹಣೆಬರಹವೆಂದು ಸಹಿಸತಕ್ಕದ್ದಲ್ಲ. ಕಾಣಿಸಿಕೊಂಡ ಕೂಡಲೇ ಗರ್ಭಕೋಶವನ್ನು ತೆಗೆಸಲು ಅದೊಂದೇ ಸಾಕಾದ ಕಾರಣವೂ ಅಲ್ಲ. ಜ್ವರದಂತೆ ಅದು ಒಂದು ಲಕ್ಷಣ. ಜ್ವರ ಬಂದಾಗ ಅದು ಮಲೇರಿಯಾವೋ, ಟೈಫಾಯ್ಡೋ, ಬರಿಯ ನೆಗಡಿಯೋ ಎಂದು ಮೊದಲು ವಿಚಾರಿಸುತ್ತೇವೆ. ಇಲ್ಲಿಯೂ ಕಾರಣದ ಹೆಸರು ಮೊದಲು ತಿಳಿಯಬೇಕು. ಕತ್ತರಿಯ ಮಾತು ಆಮೇಲೆ.

ಎಷ್ಟಾದರೆ ಹೆಚ್ಚು?

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 24ರಿಂದ 38 ದಿನಗಳ ಅಂತರವಿರುವುದು ಸಹಜ. ಸ್ರಾವವು ಎಂಟು ದಿನಗಳ ಒಳಗೆ ನಿಲ್ಲಬೇಕು. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಧಾರಣವಾಗಿ 30ರಿಂದ 40 ಮಿಲಿಲೀಟರ್. ಎಂಬತ್ತನ್ನು ಮೀರಿದರೆ ಅಧಿಕವೆಂದು ಹಿಂದಿನ ವೈದ್ಯಗ್ರಂಥಗಳು ಹೇಳುತ್ತಿದ್ದವು. ಆದರೆ ಮನೆಯಲ್ಲಿ ಅಳತೆಯ ಪಾತ್ರೆ ಹಿಡಿದು ಕುಳಿತುಕೊಳ್ಳುವವರಾರು? ಆದ್ದರಿಂದ ವೈದ್ಯಲೋಕ ಇಂದು ಬೇರೊಂದು ಮಾನದಂಡವನ್ನು ಒಪ್ಪಿದೆ. ಸ್ರಾವದಿಂದ ಸ್ತ್ರೀಯ ದೇಹಕ್ಕೆ, ಮನಸ್ಸಿಗೆ, ಮನೆಯ ಮತ್ತು ಹೊರಗಿನ ದುಡಿಮೆಗೆ ಅಡ್ಡಿಯಾಗುತ್ತಿದ್ದರೆ ಅದು ಅಧಿಕವೇ ಸರಿ. ಅಂದರೆ ಅನುಭವಿಸುವವಳ ಮಾತೇ ಇಲ್ಲಿ ಪ್ರಮಾಣ.

ಗುರುತು ಹಿಡಿಯಲು ಕೆಲವು ಲಕ್ಷಣಗಳನ್ನು ಹೇಳಬಹುದು. ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕಾಗುವುದು. ಒಂದರ ಮೇಲೊಂದು ಎರಡು ಇಟ್ಟುಕೊಳ್ಳಬೇಕಾಗುವುದು. ರಾತ್ರಿ ಎದ್ದು ಬದಲಿಸಬೇಕಾಗುವುದು. ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ರಕ್ತದ ಗಂಟುಗಳು ಬೀಳುವುದು. ಮದುವೆ ಮುಂಜಿಗಳಿಗೆ ಹೊರಡಲು ಹೆದರುವುದು. ಇವಲ್ಲದೆ, ಎರಡು ಮುಟ್ಟುಗಳ ನಡುವೆ ರಕ್ತ ಕಾಣುವುದು, ದಾಂಪತ್ಯ ಸಂಪರ್ಕದ ಬಳಿಕ ಕಾಣುವುದು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣುವುದು, ಇವು ಮೂರೂ ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕಾದವು.

"ನಮ್ಮ ಮನೆತನದಲ್ಲಿ ಎಲ್ಲರಿಗೂ ಹೀಗೆಯೇ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಈ ಮಾತಿನಲ್ಲಿಯೇ ಒಮ್ಮೊಮ್ಮೆ ರೋಗದ ಸುಳಿವು ಅಡಗಿರುತ್ತದೆ. ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ ಅವರು 1926ರಲ್ಲಿ ರಕ್ತ ಹೆಪ್ಪುಗಟ್ಟದ ಒಂದು ಆನುವಂಶಿಕ ಕಾಯಿಲೆಯನ್ನು ವಿವರಿಸಿದರು. ಅವರು ಮೊದಲಿಗೆ ಪರೀಕ್ಷಿಸಿದ್ದು ಓಲಾಂಡ್ ದ್ವೀಪಗಳ ಒಬ್ಬ ಐದು ವರ್ಷದ ಬಾಲಕಿಯನ್ನು. ಆ ಹುಡುಗಿ ಮುಂದೆ ಹದಿಮೂರರ ವಯಸ್ಸಿನಲ್ಲಿ, ತನ್ನ ನಾಲ್ಕನೆಯ ಮುಟ್ಟಿನಲ್ಲಿ ರಕ್ತಸ್ರಾವ ನಿಲ್ಲದೆ ತೀರಿಕೊಂಡಳು. ಇಂದು ಆ ಕಾಯಿಲೆಗೆ ಪರೀಕ್ಷೆಯಿದೆ, ಚಿಕಿತ್ಸೆಯಿದೆ. ಮೊದಲ ಮುಟ್ಟಿನಿಂದಲೇ ವಿಪರೀತ ಸ್ರಾವವಾಗುವ, ಒಸಡಿನಿಂದ ಮೂಗಿನಿಂದ ಆಗಾಗ ರಕ್ತ ಬರುವ, ಹಲ್ಲು ಕೀಳಿಸಿದರೆ ರಕ್ತ ನಿಲ್ಲದ ಹೆಣ್ಣುಮಕ್ಕಳಿದ್ದರೆ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಮಾಡಿಸಲೇಬೇಕು.

ಸದ್ದಿಲ್ಲದೆ ಸೋರುವ ಶಕ್ತಿ

ತಿಂಗಳು ತಿಂಗಳೂ ಹೆಚ್ಚಾಗಿ ಹೋಗುವ ರಕ್ತದೊಡನೆ ಕಬ್ಬಿಣಾಂಶವೂ ಹೋಗುತ್ತದೆ. ಆಯಾಸ, ಏದುಸಿರು, ಎದೆಬಡಿತ, ಕೂದಲು ಉದುರುವಿಕೆ, ಸಿಡುಕು, ಮಣ್ಣು ಅಥವಾ ಬಳಪ ತಿನ್ನಬೇಕೆಂಬ ಆಸೆ, ಇವೆಲ್ಲ ರಕ್ತಹೀನತೆಯ ಗುರುತುಗಳು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ಇದಕ್ಕೆ ಊಟದ ಕೊರತೆಯೊಂದೇ ಕಾರಣವಲ್ಲ. ಹೇಳದೆ ಸಹಿಸಿಕೊಂಡ ಸ್ರಾವದ ಪಾಲೂ ಇದರಲ್ಲಿದೆ. ಹಿಮೋಗ್ಲೋಬಿನ್ ಹನ್ನೆರಡಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ; ಎಂಟಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಸೊಪ್ಪು, ರಾಗಿ, ಬೆಲ್ಲ, ಕಾಳುಗಳು ಒಳ್ಳೆಯವೇ. ಆದರೆ ಒಮ್ಮೆ ಹಿಮೋಗ್ಲೋಬಿನ್ ಕುಸಿದ ಮೇಲೆ ಆಹಾರವೊಂದರಿಂದಲೇ ಅದನ್ನು ಮೇಲೆತ್ತಲಾಗದು. ಕಬ್ಬಿಣಾಂಶದ ಮಾತ್ರೆ ಅಥವಾ ಚುಚ್ಚುಮದ್ದು ಬೇಕಾಗುತ್ತದೆ. ಮಾತ್ರೆಯೊಡನೆ ಕಾಫಿ ಟೀ ಬೇಡ. ನಿಂಬೆಹಣ್ಣಿನ ಪಾನಕ ಒಳ್ಳೆಯದು.

ಹೇಳದೆ ಸಹಿಸಿಕೊಳ್ಳುವುದೇಕೆ? ಇಲ್ಲಿ ನಮ್ಮ ಸಮಾಜದವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಳಿಗೆ ಇಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸಾರಿದರು. ಮುಟ್ಟಾದ ಹೆಣ್ಣು ಪೂಜೆಗೆ ಅನರ್ಹಳಲ್ಲವೆಂಬ ಆ ವಿಚಾರ ಅಂದಿನ ಕಾಲಕ್ಕೆ ಎಷ್ಟು ದೊಡ್ಡದು! ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಮೈಲಿಗೆ ಹೋಯಿತೇ ಹೊರತು ಮೌನ ಹೋಗಲಿಲ್ಲ. ಮಧುಮೇಹವನ್ನೂ ಮಂಡಿನೋವನ್ನೂ ಊಟದ ಹೊತ್ತಿನಲ್ಲಿ ಚರ್ಚಿಸುವ ನಾವು, ಮನೆಯಾಕೆಗೆ ಹತ್ತು ದಿನಗಳಿಂದ ರಕ್ತ ಹೋಗುತ್ತಿದ್ದರೂ ಅರಿಯದೆ ಇರುತ್ತೇವೆ. ಸೂತಕವಿಲ್ಲವೆಂದ ಮೇಲೆ ಸಂಕೋಚವಾದರೂ ಏಕಿರಬೇಕು?

ಕಾರಣಗಳು ಒಂಬತ್ತು

ಅಸಹಜ ಗರ್ಭಕೋಶ ಸ್ರಾವದ ಕಾರಣಗಳನ್ನು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ 'ಫಿಗೋ' 2011ರಲ್ಲಿ ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ಇವುಗಳಲ್ಲಿ ನಾಲ್ಕು ಗರ್ಭಕೋಶದ ರಚನೆಗೆ ಸಂಬಂಧಿಸಿದವು. ಸ್ಕ್ಯಾನಿಂಗಿನಲ್ಲಿ ಅಥವಾ ಸೂಕ್ಷ್ಮದರ್ಶಕದಡಿಯಲ್ಲಿ ಕಾಣತಕ್ಕವು. ಉಳಿದ ಐದು ಹಾಗೆ ಕಣ್ಣಿಗೆ ಬೀಳತಕ್ಕವಲ್ಲ.

ಮೊದಲನೆಯದು ಪಾಲಿಪ್. ಗರ್ಭಕೋಶದ ಒಳಪೊರೆಯಿಂದ ಚಿಕ್ಕ ತೊಟ್ಟಿನಂತೆ ಜೋತುಬಿದ್ದ ಬೆಳವಣಿಗೆಯಿದು. ಬಹುಪಾಲು ಅಪಾಯವಿಲ್ಲದ್ದು. ಮುಟ್ಟುಗಳ ನಡುವೆ ತೊಟ್ಟಿಕ್ಕುವುದು ಇದರ ಸ್ವಭಾವ.

ಎರಡನೆಯದು ಅಡಿನೋಮಯೋಸಿಸ್. ಒಳಪೊರೆಯಲ್ಲಿರಬೇಕಾದ ಅಂಗಾಂಶವು ಗರ್ಭಕೋಶದ ಸ್ನಾಯುವಿನೊಳಗೆ ಸೇರಿಕೊಂಡಿರುವ ಸ್ಥಿತಿ. ಗರ್ಭಕೋಶ ಊದಿಕೊಂಡು ಮೆತ್ತಗಾಗುತ್ತದೆ. ಹೆಚ್ಚು ಸ್ರಾವದೊಡನೆ ಹಿಂಡುವಂತಹ ನೋವು ಇರುತ್ತದೆ.

ಮೂರನೆಯದು ಜನರು ಗೆಡ್ಡೆಯೆಂದು ಕರೆಯುವ ಫೈಬ್ರಾಯ್ಡ್. ಇದು ಸ್ನಾಯು ಮತ್ತು ನಾರಿನ ಗಂಟು. ನಲವತ್ತು ದಾಟಿದ ಎಷ್ಟೋ ಹೆಂಗಸರಲ್ಲಿ ತೊಂದರೆ ಕೊಡದೆ ತನ್ನಷ್ಟಕ್ಕೆ ಇರುತ್ತದೆ. ಗೆಡ್ಡೆಯ ಗಾತ್ರಕ್ಕಿಂತ ಅದು ಇರುವ ಜಾಗ ಮುಖ್ಯ ಎಂಬುದನ್ನು ಓದುಗರು ಗಮನಿಸಬೇಕು. ಗರ್ಭಕೋಶದ ಹೊರಮೈಯಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆಯಿದ್ದರೂ ಸ್ರಾವ ಹೆಚ್ಚದಿರಬಹುದು. ಒಳಕುಹರದಲ್ಲಿ ಕಡಲೆಕಾಳಿನಷ್ಟಿದ್ದರೂ ರಕ್ತ ಹರಿಯಬಹುದು. ಗೆಡ್ಡೆಯು ಕ್ಯಾನ್ಸರ್ ಆಗಿ ತಿರುಗುವುದು ಅತಿ ವಿರಳ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಅದು ತಾನಾಗಿಯೇ ಕುಗ್ಗುತ್ತದೆ.

ನಾಲ್ಕನೆಯದು ಒಳಪೊರೆಯ ಅತಿಬೆಳವಣಿಗೆ ಮತ್ತು ಕ್ಯಾನ್ಸರ್. ಅತಿಬೆಳವಣಿಗೆಯಲ್ಲಿ ಎರಡು ಬಗೆ. ಜೀವಕೋಶಗಳ ರೂಪ ಕೆಡದೆ ಕೇವಲ ದಪ್ಪವಾದದ್ದು ಔಷಧಕ್ಕೆ ಬಗ್ಗುತ್ತದೆ. ಜೀವಕೋಶಗಳ ರೂಪವೇ ಕೆಟ್ಟದ್ದು ಕ್ಯಾನ್ಸರಿಗೆ ಹತ್ತಿರದ್ದು. ಬೊಜ್ಜು, ಮಧುಮೇಹ, ಬಹುಕಾಲದ ಏರುಪೇರಿನ ಮುಟ್ಟು ಇರುವವರಲ್ಲಿ ಈ ನಾಲ್ಕನೆಯ ಗುಂಪಿನ ಸಂಭವ ಹೆಚ್ಚು.

ಉಳಿದ ಐದನ್ನು ಸಂಕ್ಷೇಪವಾಗಿ ಹೇಳುವುದಾದರೆ, ರಕ್ತ ಹೆಪ್ಪುಗಟ್ಟುವಿಕೆಯ ದೋಷ. ಅಂಡ ಬಿಡುಗಡೆಯ ಏರುಪೇರು. ಒಳಪೊರೆಯ ಸ್ವಂತ ರಾಸಾಯನಿಕ ವ್ಯತ್ಯಾಸ. ಕಾಪರ್-ಟಿ, ಹಾರ್ಮೋನು ಮಾತ್ರೆ, ರಕ್ತ ತೆಳುವಾಗಿಸುವ ಔಷಧಗಳಿಂದಾದದ್ದು. ಕೊನೆಯದಾಗಿ ಯಾವ ಗುಂಪಿಗೂ ಸೇರದ್ದು. ಇವುಗಳಲ್ಲಿ ಅಂಡ ಬಿಡುಗಡೆಯ ಏರುಪೇರು ಬಹು ಸಾಮಾನ್ಯ. ಮೈನೆರೆದ ಮೊದಲ ಎರಡು ಮೂರು ವರ್ಷಗಳಲ್ಲಿ, ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ, ಥೈರಾಯ್ಡ್ ಕೊರತೆಯಲ್ಲಿ, ಪಿ.ಸಿ.ಓ.ಎಸ್. ತೊಂದರೆಯಲ್ಲಿ ಇದು ಕಾಣುತ್ತದೆ. ಥೈರಾಯ್ಡಿನಿಂದ ಹೆಚ್ಚಿದ ಸ್ರಾವಕ್ಕೆ ಥೈರಾಯ್ಡ್ ಮಾತ್ರೆಯೇ ಮದ್ದು. ಅಂಥವರ ಗರ್ಭಕೋಶವನ್ನು ತೆಗೆದರೆ, ಛಾವಣಿ ಸೋರುತ್ತಿರುವಾಗ ನೆಲವನ್ನು ಅಗೆದು ತೆಗೆದಂತಾಗುತ್ತದೆ.

ಪರೀಕ್ಷೆಗಳ ಕ್ರಮ

ಒಂದು ಸ್ಕ್ಯಾನಿಂಗ್ ವರದಿಯ ಮೇಲೆ ತೀರ್ಮಾನ ಮಾಡುವುದು ಸಲ್ಲದು. ಮೊದಲು ವೈದ್ಯರು ವಿವರವಾಗಿ ವಿಚಾರಿಸಬೇಕು. ಗರ್ಭ ಧರಿಸುವ ವಯಸ್ಸಿನವರೆಲ್ಲರಿಗೂ, ಆಪರೇಷನ್ ಆಗಿದ್ದರೂ ಸರಿಯೇ, ಗರ್ಭಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್ ಹಾಗೂ ಪ್ಲೇಟ್‌ಲೆಟ್ ಎಣಿಕೆ, ಅಗತ್ಯವಿದ್ದಲ್ಲಿ ಥೈರಾಯ್ಡ್ ಪರೀಕ್ಷೆ, ಒಳಪರೀಕ್ಷೆ, ಗರ್ಭಕೋಶದ ಕೊರಳಿನ ಪ್ಯಾಪ್ ಪರೀಕ್ಷೆ, ಆ ಬಳಿಕ ಸ್ಕ್ಯಾನಿಂಗ್. ಮುಟ್ಟು ಮುಗಿದ ಕೂಡಲೇ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಒಳಪೊರೆ ತೆಳುವಾಗಿರುವುದರಿಂದ ಪಾಲಿಪ್ ಮತ್ತು ಗೆಡ್ಡೆಗಳು ಸ್ಪಷ್ಟವಾಗಿ ಕಾಣುತ್ತವೆ. ಮುಟ್ಟಿಗೆ ಮುಂಚೆ ಮಾಡಿಸಿದರೆ ಒಳಪೊರೆ ಸಹಜವಾಗಿಯೇ ದಪ್ಪವಾಗಿರುತ್ತದೆ. ಅದನ್ನು ಕಂಡು ಗಾಬರಿಪಡುವವರುಂಟು.

ನಲವತ್ತು ದಾಟಿದವರಿಗೆ, ಅದಕ್ಕಿಂತ ಚಿಕ್ಕವರಾದರೂ ಬೊಜ್ಜು, ಮಧುಮೇಹ, ಪಿ.ಸಿ.ಓ.ಎಸ್. ಇರುವವರಿಗೆ ಅಥವಾ ಔಷಧದಿಂದ ಸ್ರಾವ ತಗ್ಗದವರಿಗೆ ಒಳಪೊರೆಯ ಚೂರೊಂದನ್ನು ತೆಗೆದು ಬಯಾಪ್ಸಿ ಮಾಡಿಸುವುದು ಮುಖ್ಯ. ಬಹಳ ಮಂದಿಗೆ ಅರಿವಳಿಕೆಯಿಲ್ಲದೆಯೇ ಕೆಲವು ನಿಮಿಷಗಳಲ್ಲಿ ಇದು ಮುಗಿಯುತ್ತದೆ. ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದನ್ನು ಹೇಳುವುದು ಬಯಾಪ್ಸಿಯೇ ಹೊರತು ಭಯವಲ್ಲ. ಮುಟ್ಟು ನಿಂತವರಲ್ಲಿ ರಕ್ತ ಕಂಡರೆ, ಸ್ಕ್ಯಾನಿಂಗಿನಲ್ಲಿ ಒಳಪೊರೆ ನಾಲ್ಕು ಮಿಲಿಮೀಟರಿಗಿಂತ ದಪ್ಪವಿದ್ದರೆ, ಬಯಾಪ್ಸಿಯನ್ನು ತಪ್ಪಿಸಲೇಬಾರದು. ಸಂದೇಹವಿದ್ದಲ್ಲಿ ಹಿಸ್ಟರೋಸ್ಕೋಪಿ ಎಂಬ ಸಣ್ಣ ದುರ್ಬೀನಿನಿಂದ ಗರ್ಭಕೋಶದ ಒಳಗನ್ನೇ ನೋಡಬಹುದು. ಪಾಲಿಪ್ ಕಂಡರೆ ಅದೇ ಸಮಯದಲ್ಲಿ ತೆಗೆಯಲೂಬಹುದು.

ಅಟ್ಟೂರಿನ ಸೋದರಿಯನ್ನು ಹೆದರಿಸಿದ 'ಬಲ್ಕಿ' ಎಂಬ ಪದದ ಬಗೆಗೂ ಹೇಳಬೇಕು. ಅದರ ಅರ್ಥ ತುಸು ದೊಡ್ಡದು ಎಂದಷ್ಟೆ. ಹೆತ್ತ ತಾಯಂದಿರ ಗರ್ಭಕೋಶ ಹೆರದವರದಕ್ಕಿಂತ ಕೊಂಚ ದೊಡ್ಡದಾಗಿಯೇ ಇರುತ್ತದೆ. ಆ ಪದ ಒಂದು ವರ್ಣನೆ, ರೋಗದ ಹೆಸರಲ್ಲ. ಅವರ ಎರಡು ಗೆಡ್ಡೆಗಳು ಯಾವ ಜಾಗದಲ್ಲಿವೆ, ಸ್ರಾವಕ್ಕೆ ಅವೇ ಕಾರಣವೇ, ಹಿಮೋಗ್ಲೋಬಿನ್ ಎಷ್ಟಿದೆ, ಥೈರಾಯ್ಡ್ ಹೇಗಿದೆ ಎಂಬುದಾವುದೂ ಪತ್ರದಲ್ಲಿಲ್ಲ. ಇವೆಲ್ಲ ತಿಳಿಯದೆ ಆಪರೇಷನ್ನಿಗೆ ದಿನ ನಿಗದಿ ಮಾಡಬಾರದೆಂಬುದೇ ಅವರಿಗೆ ನಮ್ಮ ಉತ್ತರ. ಏದುಸಿರು ಬರುತ್ತಿರುವುದರಿಂದ ರಕ್ತಪರೀಕ್ಷೆಯನ್ನಂತೂ ಈ ವಾರವೇ ಮಾಡಿಸಿಕೊಳ್ಳಲಿ. ಅಟ್ಟೂರಿಗೆ ಹತ್ತಿರದಲ್ಲಿಯೇ ಯಲಹಂಕದ ಸಾರ್ವಜನಿಕ ಆಸ್ಪತ್ರೆಯಿದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಕೆ.ಆರ್. ಮಾರುಕಟ್ಟೆಯ ಬಳಿ, 1935ರಿಂದ ಹೆಣ್ಣುಮಕ್ಕಳ ಸೇವೆಯಲ್ಲಿರುವ ವಾಣಿವಿಲಾಸ ಆಸ್ಪತ್ರೆಯಿದೆ. ಸಾಲ ಮಾಡುವ ಮುನ್ನ ಒಂದು ದಿನವನ್ನು ಅಲ್ಲಿ ಕಳೆಯುವುದು ನಷ್ಟವೇನಲ್ಲ.

ಕತ್ತರಿಗೆ ಮುಂಚಿನ ದಾರಿಗಳು

ಮಾತ್ರೆಗಳಲ್ಲಿ ಮೊದಲು ಹೇಳಬೇಕಾದದ್ದು ಟ್ರಾನೆಕ್ಸಾಮಿಕ್ ಆಮ್ಲ. ಹೆರಿಗೆಯ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಡೆಯಬೇಕೆಂದು ಶ್ರಮಿಸಿದ ಜಪಾನಿನ ಮಹಿಳಾ ವೈದ್ಯೆ ಉಟಾಕೊ ಒಕಾಮೊಟೊ ಹಾಗೂ ಅವರ ಪತಿ 1962ರಲ್ಲಿ ಇದನ್ನು ಲೋಕಕ್ಕೆ ನೀಡಿದರು. ಇದು ಹಾರ್ಮೋನು ಅಲ್ಲ. ಮುಟ್ಟಿನ ನಾಲ್ಕೈದು ದಿನ ಮಾತ್ರ ತೆಗೆದುಕೊಳ್ಳುವ ಈ ಮಾತ್ರೆ ಅನೇಕರಲ್ಲಿ ಸ್ರಾವವನ್ನು ಅರ್ಧದಷ್ಟು ತಗ್ಗಿಸುತ್ತದೆ. ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆಯಿದ್ದವರು ಮಾತ್ರ ಸೇವಿಸಬಾರದು. ನೋವೂ ಇದ್ದರೆ ಮೆಫೆನಾಮಿಕ್ ಆಮ್ಲ ಎರಡಕ್ಕೂ ಆಗುತ್ತದೆ.

ಅಂಡ ಬಿಡುಗಡೆಯ ಏರುಪೇರಿಗೆ ಪ್ರೊಜೆಸ್ಟರಾನ್ ಮಾತ್ರೆಗಳಿವೆ. ನಮ್ಮ ದೇಶದ್ದೇ ಆದ ಔಷಧವೊಂದೂ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಓರ್ಮೆಲಾಕ್ಸಿಫೀನ್ 1991ರಲ್ಲಿ 'ಸಹೇಲಿ' ಎಂಬ ಹೆಸರಿನ ಗರ್ಭನಿರೋಧಕ ಮಾತ್ರೆಯಾಗಿ ಬಂದಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು 'ಛಾಯಾ' ಎಂಬ ಹೆಸರಿನಲ್ಲಿ ದೊರೆಯುತ್ತದೆ. ಅದೇ ಔಷಧವನ್ನು ಬೇರೆ ಪ್ರಮಾಣದಲ್ಲಿ ವೈದ್ಯರು ಅಧಿಕ ಸ್ರಾವಕ್ಕೂ ಕೊಡುತ್ತಾರೆ. ವೈದ್ಯರ ಚೀಟಿಯಿಲ್ಲದೆ ಇವಾವುದನ್ನೂ ಅಂಗಡಿಯಿಂದ ತರಬಾರದು.

ದೀರ್ಘಕಾಲದ ಪರಿಹಾರ ಬೇಕೆನ್ನುವವರಿಗೆ ಹಾರ್ಮೋನು ವಂಕಿ ಇದೆ. ಕಾಪರ್-ಟಿಯ ಆಕಾರದ ಈ ಸಾಧನದಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ. ವರ್ಷಗಳ ಕಾಲ ಅದು ಸೂಕ್ಷ್ಮ ಪ್ರಮಾಣದಲ್ಲಿ ಗರ್ಭಕೋಶದೊಳಗೇ ಒಸರುತ್ತದೆ. ಮೊದಲ ಮೂರರಿಂದ ಆರು ತಿಂಗಳು ಹನಿಹನಿಯಾಗಿ ರಕ್ತ ಕಾಣುವುದುಂಟು. ಇದನ್ನು ಮೊದಲೇ ತಿಳಿಸದಿದ್ದರೆ ಅನೇಕರು ಕೆಲಸ ಕೆಟ್ಟಿತೆಂದು ತೆಗೆಸಿಬಿಡುತ್ತಾರೆ. ತಾಳ್ಮೆಯಿಂದ ಕಾದವರಲ್ಲಿ ಸ್ರಾವ ಬಹುಮಟ್ಟಿಗೆ ತಗ್ಗುತ್ತದೆ. ಫಿನ್ಲೆಂಡಿನಲ್ಲಿ ಅಧಿಕ ಸ್ರಾವವಿದ್ದ 236 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ವಂಕಿಯನ್ನೂ ಇನ್ನೊಂದಕ್ಕೆ ಗರ್ಭಕೋಶದ ಶಸ್ತ್ರಚಿಕಿತ್ಸೆಯನ್ನೂ ನಿಗದಿಪಡಿಸಿ ಐದು ವರ್ಷ ಗಮನಿಸಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ವಂಕಿಯ ಗುಂಪಿನಲ್ಲಿ ಶೇಕಡಾ 42 ಮಂದಿ ಕೊನೆಗೆ ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಂಡರು. ಉಳಿದ ಅರ್ಧಕ್ಕೂ ಹೆಚ್ಚು ಮಂದಿಗೆ ಅದರ ಅಗತ್ಯವೇ ಬೀಳಲಿಲ್ಲ. ಎರಡೂ ಗುಂಪಿನವರ ಆರೋಗ್ಯ ನೆಮ್ಮದಿಗಳು ಒಂದೇ ಮಟ್ಟದಲ್ಲಿದ್ದವು. ಖರ್ಚು ವಂಕಿಯ ಗುಂಪಿನಲ್ಲಿ ಕಡಿಮೆಯಿತ್ತು.

ಒಳಕುಹರದ ಗೆಡ್ಡೆಯನ್ನು ದುರ್ಬೀನಿನ ಮೂಲಕವೇ ತೆಗೆಯಬಹುದು. ಮಕ್ಕಳು ಬೇಕೆನ್ನುವವರಿಗೆ ಗರ್ಭಕೋಶವನ್ನು ಉಳಿಸಿ ಗೆಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಗೆಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚುವ ಕ್ರಮವೂ ದೊಡ್ಡ ಆಸ್ಪತ್ರೆಗಳಲ್ಲಿದೆ.

ಕಲಬುರಗಿಯ ಪಾಠ

ಇಷ್ಟೆಲ್ಲ ದಾರಿಗಳಿದ್ದೂ ಅವನ್ನು ತೋರಿಸದೆ ಹೋದರೆ ಏನಾಗುತ್ತದೆ? ಪತ್ರ ಬರೆದ ಸೋದರಿಯ ತವರು ಜಿಲ್ಲೆಯೇ ಅದಕ್ಕೆ ಸಾಕ್ಷಿ. ಕಲಬುರಗಿಯಲ್ಲಿ 2015ರಲ್ಲಿ ಬೆಳಕಿಗೆ ಬಂದ ಸಂಗತಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಬಡ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಭಯ ತೋರಿಸಿ ಗರ್ಭಕೋಶವನ್ನು ತೆಗೆಯಲಾಗಿತ್ತು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಮಹಿಳೆಯರು ಮತ್ತು ದಲಿತ ಮಹಿಳೆಯರು. ಅನೇಕರು ನಲವತ್ತಕ್ಕಿಂತ ಚಿಕ್ಕವರು. ಜನಾರೋಗ್ಯ ಕಾರ್ಯಕರ್ತರು ಊರೂರು ಸುತ್ತಿ ವಿಷಯ ಸಂಗ್ರಹಿಸಿದರು. ಸರ್ಕಾರ ವಿಚಾರಣೆ ನಡೆಸಿತು. ಕೆಲವು ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಆದರೆ ಹೋದ ಅಂಗ ಮರಳಿ ಬರುವಂಥದಲ್ಲ. ಬೆನ್ನು ಬಗ್ಗಿಸಿ ದುಡಿದೇ ಉಣ್ಣಬೇಕಾದ ಆ ತಾಯಂದಿರಿಗೆ ಸಾಲ ಉಳಿಯಿತು, ನಿಶ್ಶಕ್ತಿ ಉಳಿಯಿತು. 2017ರಲ್ಲಿ ಅವರು ನ್ಯಾಯ ಕೇಳಿ ಬೀದಿಗಿಳಿಯಬೇಕಾಯಿತು.

ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿಯೂ ಇಂಥ ಸಂಗತಿಗಳು ನಡೆದಿದ್ದವು. ಡಾ. ನರೇಂದ್ರ ಗುಪ್ತಾ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ತೀರ್ಪಿತ್ತಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು. ರಾಜ್ಯ ಮತ್ತು ಜಿಲ್ಲಾ ಮಟ್ಟದ ನಿಗಾ ಸಮಿತಿಗಳನ್ನು ರಚಿಸಬೇಕು, ನಲವತ್ತಕ್ಕಿಂತ ಕಡಿಮೆ ವಯಸ್ಸಿನವರ ಶಸ್ತ್ರಚಿಕಿತ್ಸೆಗಳ ಮೇಲೆ ವಿಶೇಷ ಕಣ್ಣಿಡಬೇಕು ಎಂಬುದು ಆ ಮಾರ್ಗಸೂಚಿಗಳ ಸಾರ. ನಮ್ಮ ಅಟ್ಟೂರಿನ ಸೋದರಿಯ ವಯಸ್ಸು ಮೂವತ್ತೆಂಟು ಎಂಬುದನ್ನು ಇಲ್ಲಿ ನೆನೆಯಬೇಕು.

ತೆಗೆಸಲೇಬೇಕಾದಾಗ

ಹಾಗೆಂದು ಈ ಶಸ್ತ್ರಚಿಕಿತ್ಸೆಯನ್ನೇ ದೂಷಿಸುವುದು ನಮ್ಮ ಉದ್ದೇಶವಲ್ಲ. ಕ್ಯಾನ್ಸರ್ ದೃಢಪಟ್ಟಾಗ, ಒಳಪೊರೆಯ ಜೀವಕೋಶಗಳ ರೂಪ ಕೆಟ್ಟಾಗ, ದೊಡ್ಡ ಗೆಡ್ಡೆಗಳಿಂದ ಅಥವಾ ತೀವ್ರ ಅಡಿನೋಮಯೋಸಿಸ್‌ನಿಂದ ಬಳಲಿ ಉಳಿದ ಚಿಕಿತ್ಸೆಗಳು ಫಲಿಸದಾಗ ಅದು ವರದಾನವೇ. ಎಲ್ಲವನ್ನೂ ತಿಳಿದುಕೊಂಡ ಮೇಲೆ, ತನಗೆ ಇದೇ ಬೇಕೆಂದು ಸ್ತ್ರೀ ತಾನಾಗಿ ನಿರ್ಧರಿಸಿದರೆ ಆ ನಿರ್ಧಾರವನ್ನು ಗೌರವಿಸಬೇಕು. ಮಾಡಿಸಿಕೊಂಡು ನೆಮ್ಮದಿಯಾಗಿರುವ ಸಾವಿರಾರು ತಾಯಂದಿರಿದ್ದಾರೆ. ಅಂಥವರು ಈ ಲೇಖನ ಓದಿ ಕಳವಳಪಡಬೇಕಾಗಿಲ್ಲ.

ಆದರೆ ಅಂಡಾಶಯಗಳ ಮಾತೇ ಬೇರೆ. ಗರ್ಭಕೋಶದೊಡನೆ ಅವನ್ನೂ ತೆಗೆಯಲೇಬೇಕೆಂಬ ನಿಯಮವಿಲ್ಲ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ನಲವತ್ತಾರು ನಲವತ್ತೇಳು. ಅಲ್ಲಿಯವರೆಗೆ ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಮೂಳೆಗಳನ್ನೂ ಹೃದಯವನ್ನೂ ಕಾಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಅವನ್ನು ತೆಗೆದರೆ ಒಂದೇ ದಿನದಲ್ಲಿ ಮುಟ್ಟುನಿಲುಗಡೆ ಬಂದೆರಗುತ್ತದೆ. ಮೈಯುರಿ, ನಿದ್ರಾಹೀನತೆ, ಮೂಳೆಸವೆತ, ಹೃದ್ರೋಗದ ಸಂಭವ ಎಲ್ಲವೂ ಬೇಗ ಹೆಚ್ಚುತ್ತವೆ. ಅಂಡಾಶಯಗಳನ್ನು ಉಳಿಸಿದರೂ ಅವು ಕೆಲವರಲ್ಲಿ ಕೊಂಚ ಬೇಗ ಸೊರಗುವುದುಂಟು. ಮಕ್ಕಳಾದ ಮೇಲೆ ಈ ಅಂಗಗಳಿಗೆ ಕೆಲಸವಿಲ್ಲವೆಂಬ ಮಾತು ಹೀಗೆ ನಿರಾಧಾರವಾದುದು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು

ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮೊದಲು ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು.

1. ನನ್ನ ರಕ್ತಸ್ರಾವಕ್ಕೆ ಕಾರಣವೇನು? ಆ ಕಾರಣದ ಹೆಸರನ್ನು ಬರೆದುಕೊಡುವಿರಾ?
2. ಗೆಡ್ಡೆಯಿದ್ದರೆ ಅದು ಗರ್ಭಕೋಶದ ಯಾವ ಭಾಗದಲ್ಲಿದೆ? ಸ್ರಾವಕ್ಕೆ ಅದೇ ಕಾರಣವೇ?
3. ನನಗೆ ಬಯಾಪ್ಸಿ ಬೇಕೇ? ಮಾಡಿದ್ದರೆ ವರದಿಯಲ್ಲಿ ಏನಿದೆ?
4. ಮಾತ್ರೆ ಅಥವಾ ಹಾರ್ಮೋನು ವಂಕಿಯನ್ನು ಏಕೆ ಪ್ರಯತ್ನಿಸಬಾರದು?
5. ಅಂಡಾಶಯಗಳನ್ನು ಉಳಿಸುವಿರಾ? ಇಲ್ಲವಾದರೆ ಏಕೆ?
6. ಮೂರು ತಿಂಗಳು ಕಾದರೆ ಏನು ಅಪಾಯ?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು ಕುರಿತ ನಮ್ಮ ರಾಜ್ಯದ 2007ರ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು ರೋಗಿಗಳ ಹಕ್ಕುಗಳ ಸನ್ನದನ್ನು ಸೇರಿಸಿದೆ. ತಿಳಿದುಕೊಂಡು ಒಪ್ಪುವುದು ರೋಗಿಯ ಹಕ್ಕು. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಬಯಾಪ್ಸಿ ವರದಿಗಳನ್ನೆಲ್ಲ ಒಂದು ಕಡತದಲ್ಲಿಟ್ಟುಕೊಳ್ಳಿ. ಎರಡನೆಯ ವೈದ್ಯರಿಗೆ ಅವು ಬೇಕಾಗುತ್ತವೆ.

ಕಾಯಬಾರದ ಸಂದರ್ಭವೂ ಒಂದಿದೆ. ಎರಡು ಮೂರು ಗಂಟೆಗಳ ಕಾಲ ಗಂಟೆಗೊಂದರಂತೆ ಪ್ಯಾಡ್ ತೊಯ್ದುಹೋಗುತ್ತಿದ್ದರೆ, ತಲೆಸುತ್ತಿ ಕಣ್ಣು ಕತ್ತಲಿಟ್ಟರೆ, ಎದೆ ಹೊಡೆದುಕೊಂಡರೆ, ಗರ್ಭದ ಶಂಕೆಯಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

ಮನೆಯ ಗಂಡಸರಿಗೆ ನಮ್ಮ ವಿನಂತಿ ಇಷ್ಟೆ. ಹೆಂಡತಿಯೊಡನೆ ಆಸ್ಪತ್ರೆಗೆ ಹೋಗಿ. ಹೊರಗಿನ ಬೆಂಚಿನಲ್ಲಿ ಕುಳಿತು ಬಿಲ್ಲು ಕಟ್ಟುವುದಕ್ಕಷ್ಟೇ ಅಲ್ಲ, ಆಕೆ ಒಪ್ಪಿದರೆ ಒಳಗೆ ಕುಳಿತು ಕೇಳುವುದಕ್ಕಾಗಿ. ಅತ್ತೆಯವರಾದ ಹಿರಿಯ ತಾಯಂದಿರು, ತಾವು ನುಂಗಿಕೊಂಡ ನೋವನ್ನು ಸೊಸೆಯೂ ನುಂಗಲಿ ಎನ್ನಬಾರದು. ಅವಸರದ ಆಪರೇಷನ್ನಿಗೆ ಆಕೆಯನ್ನು ತಳ್ಳಲೂಬಾರದು. ಹೆಣ್ಣುಮಕ್ಕಳಾದರೋ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟು ಬಂದ ದಿನ, ನಿಂತ ದಿನ, ಬಳಸಿದ ಪ್ಯಾಡುಗಳ ಲೆಕ್ಕವನ್ನು ಗುರುತು ಹಾಕಿಕೊಳ್ಳಲಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲಿಯೇ ಇದನ್ನೂ ಬರೆಯಬಹುದು, ಮುಚ್ಚಿಡುವಂಥದೇನೂ ಇಲ್ಲ. ಮೂರು ತಿಂಗಳ ಆ ಗುರುತುಗಳು ವೈದ್ಯರಿಗೆ ಎಷ್ಟೋ ಪ್ರಶ್ನೆಗಳ ಉತ್ತರವನ್ನು ಒಮ್ಮೆಗೇ ಕೊಡುತ್ತವೆ.